ಜೋಡಿಯಿಲ್ಲದ ಹಿಡಿಕೆಗಳು

ಬಾಗಿಲಿಗೆ ಬೀಗ ಹಾಕಿಕೊಡುವವರು ಬೀದಿಗೊಬ್ಬರು ಸಿಗುತ್ತಾರೆ. ಕಿಟಕಿಗೆ ಹಿಡಿಕೆ ಹಾಕಿಕೊಡುವವರು ಬೇಕು ಅಂದರೆ ಊರೆಲ್ಲ ಅಲೆಯಬೇಕು. ಈ ಊರಿನವರಿಗೆ ಮಾತ್ರ ಆ ಅಲೆದಾಟ ಇರಲಿಲ್ಲ. ಯಾರ ಮನೆಯ ಕಿಟಕಿ ಗಾಳಿಗೆ ದಡಬಡ ಬಡಿದುಕೊಂಡರೂ, ಯಾರ ಮನೆಯ ಹಿಡಿಕೆ ಕಳಚಿ ಕೈಗೇ ಬಂದರೂ ಬಾಯಿಗೆ ಬರುತ್ತಿದ್ದ ಮಾತು ಒಂದೇ: "ಹಿಡಿಕೆಯಕ್ಕನಿಗೆ ಹೇಳಿ ಕಳಿಸಿ."

ಹಿಡಿಕೆಯಕ್ಕನಿಗೆ ಹೆತ್ತವರಿಟ್ಟ ಹೆಸರೂ ಒಂದಿತ್ತು. ಆದರೆ ಆ ಹೆಸರಿನಿಂದ ಕರೆದರೆ ಅವಳೇ ಹಿಂದೆ ತಿರುಗಿ ಇನ್ನಾರನ್ನೋ ಹುಡುಕುತ್ತಿದ್ದಳು. ಹೆಗಲಿಗೆ ದಪ್ಪ ಬಟ್ಟೆಯ ಚೀಲ, ಅದರೊಳಗೆ ಸ್ಕ್ರೂಡ್ರೈವರು, ಇಕ್ಕಳ, ಎಣ್ಣೆ ಬುಡ್ಡಿ, ತಲೆಗೊಂದು ಹಳೇ ವಸ್ತ್ರ. ಸೊಸೆಯಾಗಿ ಬಂದ ಮನೆಯಲ್ಲಿ ಮಾವ ಕಲಿಸಿಕೊಟ್ಟ ಕಸುಬು ಅದು. ಅವನ ಮಗ ಬಸ್ಸಿನ ಸ್ಟೇರಿಂಗ್ ಬಿಟ್ಟು ಬೇರೇನನ್ನೂ ತಿರುಗಿಸಲು ಒಪ್ಪಲಿಲ್ಲ, ಹಾಗಾಗಿ ಮಾವ ಸೊಸೆಯನ್ನೇ ಪಕ್ಕಕ್ಕೆ ಕೂರಿಸಿಕೊಂಡಿದ್ದ.

"ಹಿಡಿಕೆ ಗರಗರ ತಿರುಗಿದರೂ ಕಿಟಕಿ ಭದ್ರವಾಗಲಿಲ್ಲ ಅಂದ್ರೆ ಹಿಡಿಕೆಯನ್ನ ಬೈಬೇಡ ಮಗಳೇ," ಅನ್ನುತ್ತಿದ್ದ ಮಾವ. "ಒಳಗೊಂದು ಚೌಕದ ಕಡ್ಡಿ ಇರುತ್ತೆ. ಅದರ ಮೂಲೆ ಸವೆದು ಗುಂಡಗಾಗಿರುತ್ತೆ, ಅಷ್ಟೆ."

ಇನ್ನೊಂದನ್ನೂ ಕಲಿಸಿದ್ದ. ಹಳೇ ಹಿಡಿಕೆಯನ್ನು ಬಿಚ್ಚುವ ಮೊದಲು ಅದರ ಮೇಲೆ ಕೈಯಿಟ್ಟು ಒಂದು ಗಳಿಗೆ ಸುಮ್ಮನೆ ನಿಲ್ಲಬೇಕು. ಇಷ್ಟು ವರ್ಷ ದುಡಿದದ್ದನ್ನು ಮಾತಾಡಿಸದೆ ಕಳಿಸಬಾರದು ಅಂತ ಅವನ ಲೆಕ್ಕ. ಹಿಡಿಕೆಯಕ್ಕ ಮೊದಮೊದಲು ನಾಚಿಕೊಂಡು ನಿಂತಳು, ಆಮೇಲೆ ಅದರ ರುಚಿ ಹತ್ತಿತು. ಕೈಯಿಟ್ಟು ಕಣ್ಣು ಮುಚ್ಚಿದರೆ ಸಾಕು, ಆ ಮನೆಯ ಬೆಳಗುಗಳೆಲ್ಲ ಬೆರಳ ತುದಿಗೆ ಬಂದು ಕೂರುತ್ತಿದ್ದವು. ಯಾರೋ ನಿದ್ದೆಗಣ್ಣಲ್ಲಿ ಕಿಟಕಿ ತೆರೆದು ಬೆಳಕಿಗೆ ಮುಖ ಸಿಂಡರಿಸುತ್ತಿದ್ದರು. ಯಾರೋ ಜಗಳ ಮುಗಿಸಿ ಬಂದು ಬಿಸಿ ಹಣೆಯನ್ನು ಗಾಜಿಗೆ ಒತ್ತುತ್ತಿದ್ದರು. ತುದಿಗಾಲಲ್ಲಿ ನಿಂತ ಮಗುವೊಂದರ ಕೈ ಹಿಡಿಕೆಗೆ ಇನ್ನೂ ಎಟಕುತ್ತಿರಲಿಲ್ಲ. ಹೀಗೆ ನೋಡುತ್ತ ನೋಡುತ್ತ ಅವಳು ಎಲ್ಲೋ ತೇಲಿಹೋಗುತ್ತಿದ್ದಳು. ಮನೆಯವರು ಕೆಮ್ಮಿದಾಗಲೇ ನೆಲಕ್ಕೆ ಇಳಿಯುತ್ತಿದ್ದುದು.

"ಏನಕ್ಕಾ, ನಮ್ಮ ಕಿಟಕಿ ಹತ್ರ ನಿಂತು ನಿದ್ದೆ ತೆಗೆದ್ರಾ?"

"ನಿದ್ದೆಯಲ್ಲ ತಾಯಿ, ನಿಮ್ಮನೆ ಸುದ್ದಿ ಕೇಳ್ತಿದ್ದೆ."

"ಅಯ್ಯೋ, ಬೇಗ ಬಿಚ್ಚಿಬಿಡಿ ಹಾಗಾದ್ರೆ!"

ಇದು ಊರಿನ ಮಾತಾಯಿತು. ಅವಳ ಸ್ವಂತ ಮನೆ ಹೇಗಿತ್ತು ಅಂತ ಕೇಳಿ. ಮಹಡಿಯ ಮೇಲೆ, ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಕೋಣೆ. ಮೊದಲು ಅತ್ತೆಯ ಕೋಣೆ, ಆಮೇಲೆ ನಡುಕೋಣೆ, ಆಮೇಲೆ ಕೂರುವ ಕೋಣೆ, ಕೊನೆಗೆ ಅಡುಗೆಮನೆ. ಕೋಣೆಗೊಂದೊಂದು ಕಿಟಕಿ, ಎಲ್ಲವೂ ಬೀದಿಯ ಕಡೆಗೆ. ಊರಿಗೆಲ್ಲ ಹೊಸ ಹಿಡಿಕೆ ಹಾಕಿದ ಮಾವ ತನ್ನ ಮನೆಗೆ ತಂದದ್ದೆಲ್ಲ ಅಲ್ಲಿ ಇಲ್ಲಿ ಮಿಕ್ಕಿದ ಒಂಟಿ ಹಿಡಿಕೆಗಳನ್ನು. ಅತ್ತೆಯ ಕೋಣೆಯದು ಮಲಗಿದ ಬೆಕ್ಕಿನ ಬಾಲದ ಹಾಗೆ ಕೆಳಗೆ ಜೋತುಬಿದ್ದಿತ್ತು. ಅದಕ್ಕೆ ಅತ್ತೆ ಇಟ್ಟ ಹೆಸರು ಸೋಮಾರಿ. ನಡುಕೋಣೆಯ ಸೊಟ್ಟ ಹಿಡಿಕೆ ಕೊಂಕಿ. ಕೂರುವ ಕೋಣೆಯ ಕಬ್ಬಿಣದ ಗುಂಡು ಹಿಡಿಕೆ ಗುಂಡ. ಅಡುಗೆಮನೆಯ ಹಿತ್ತಾಳೆ ಹಿಡಿಕೆಯ ತುದಿ ಎಂದೋ ಮುರಿದಿತ್ತು, ಅದು ಮೊಂಡ.

"ಊರವರ ಮನೆಗೆಲ್ಲ ಜೋಡಿ ಜೋಡಿ ಹಾಕ್ತಾರೆ," ಅಂತ ಅತ್ತೆ ಮಾವನ ಜೀವಮಾನವಿಡೀ ದೂರಿದಳು. "ನನ್ನ ಮನೆಗೆ ಮಾತ್ರ ದಿಕ್ಕಿಲ್ಲದವನ್ನೆಲ್ಲ ಕರ್ಕೊಂಡು ಬರ್ತಾರೆ. ಇದೇನು ಮನೆಯೋ, ಛತ್ರವೋ?"

ಮಾವ ಮೀಸೆಯಡಿಯಲ್ಲೇ ನಕ್ಕು ನಕ್ಕು ಒಂದು ದಿನ ಹೊರಟೇಹೋದ. ಅವನು ಹೋದ ಮೇಲೆ ಅತ್ತೆಯ ಕಣ್ಣು ಮೆಲ್ಲಮೆಲ್ಲಗೆ ಮಂಜಾಯಿತು. ಕೊನೆಗೆ ಬೆಳಕಿದೆಯೋ ಇಲ್ಲವೋ ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಮುದುಕಿ ಒಂದು ಕಡೆ ಕೂತವಳಲ್ಲ. ಬೆಳಗಾದರೆ ತಾನೇ ಎದ್ದು, ಗೋಡೆ ಸವರಿಕೊಂಡು, ಕಿಟಕಿಗಳನ್ನೆಲ್ಲ ಸಾಲಾಗಿ ತೆರೆದು, ಒಲೆ ಹಚ್ಚಿ ಟೀಗೆ ಇಡುತ್ತಿದ್ದಳು. ಕೊನೆಯ ಕಿಟಕಿಯಿಂದ ಬೀದಿಯ ಹೂವಿನವಳ ಜೊತೆ ಹರಟುತ್ತಿದ್ದಳು. ಇದೆಲ್ಲ ಹೇಗಾಗುತ್ತೆ ಅಂತ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ಅಭ್ಯಾಸ ಅಂದುಕೊಂಡರು.

ಒಂದು ಸಲ ಅತ್ತೆ ಮಗಳ ಮನೆಗೆ ಕೆಲವು ದಿನಕ್ಕೆಂದು ಹೋದಳು. ಅವಳು ಅತ್ತ ಹೋದದ್ದೇ ತಡ, ಇತ್ತ ಮೊಂಡ ಎರಡು ತುಂಡಾಯಿತು. ಗುಂಡ ಹಿಡಿತ ಬಿಟ್ಟು, ಕಿಟಕಿ ಗೋಡೆಗೆ ಬಡಿದು ಗಾಜು ಬಿರುಕುಬಿಟ್ಟಿತು. ಹಿಡಿಕೆಯಕ್ಕನಿಗೆ ಆಗ ಒಂದು ಯೋಚನೆ ಬಂತು. ಬಂದಾಗ ಅದೆಷ್ಟು ಚಂದ ಕಂಡಿತ್ತು ಅಂತೀರಿ! ಅತ್ತೆ ಬರುವಷ್ಟರಲ್ಲಿ ಮನೆಯ ಎಲ್ಲ ಕಿಟಕಿಗೂ ಒಂದೇ ಥರದ ಹೊಸ ಹಿಡಿಕೆ. ಬೆಳ್ಳಿಯ ಹಾಗೆ ಹೊಳೆಯಬೇಕು, ಬೆಣ್ಣೆಯ ಹಾಗೆ ಜಾರಬೇಕು. ಜೀವಮಾನದ ದೂರು ಒಂದೇ ದಿನಕ್ಕೆ ತೀರಬೇಕು.

ಹುರುಪಿನಲ್ಲಿ ಸ್ಟೂಲು ಹತ್ತಿ ಬಿಚ್ಚತೊಡಗಿದಳು. ಕೆಳಗೆ ಸ್ಟೂಲು ಹಿಡಿದು ನಿಂತ ಗಂಡ ಕೇಳಿದ, "ಏನೇ, ಇವತ್ತು ಕೈಯಿಟ್ಟು ಮಾತುಕತೆ ಇಲ್ವಾ?"

"ನಮ್ಮನೇದೇ ತಾನೆ, ಅದ್ರ ಹತ್ರ ಏನ್ರೀ ಮಾತು?"

ಹಳೆಯವೆಲ್ಲ ಗೋಣಿಚೀಲಕ್ಕೆ ಬಿದ್ದವು. ಚೀಲ ಮಾಮೂಲಿನಂತೆ ಗುಜರಿಯವನ ಅಂಗಡಿಗೆ ಹೋಯಿತು.

ಅತ್ತೆ ವಾಪಸು ಬಂದ ದಿನ ಹಿಡಿಕೆಯಕ್ಕ ಬಾಗಿಲಲ್ಲೇ ಕಾದು ನಿಂತಿದ್ದಳು. ಮಗಳು ಮೆಟ್ಟಿಲ ತನಕ ಬಿಟ್ಟುಹೋದಳು. ಅತ್ತೆ ಚಪ್ಪಲಿ ಕಳಚಿ, ಗೋಡೆಗೆ ಕೈಯಿಟ್ಟು ಹೊರಟಳು. ಮೊದಲ ಹಿಡಿಕೆಗೆ ಬೆರಳು ತಗುಲಿತು, ನಿಂತಳು. ಎರಡನೆಯದಕ್ಕೆ ತಗುಲಿತು, ಮತ್ತೆ ನಿಂತಳು. ಹಿಂದಕ್ಕೆ ಬಂದು ಮೊದಲನೆಯದನ್ನು ಇನ್ನೊಮ್ಮೆ ಮುಟ್ಟಿದಳು.

"ಯಾರ ಮನೆಗೆ ಬಂದ್ವೇ ನಾವು?"

"ನಮ್ಮನೇನೇ ಅತ್ತೆ! ಮುಟ್ಟಿ ನೋಡಿ, ಎಲ್ಲ ಜೋಡಿ! ಒಂದಾದ್ರೂ ಬೇರೆ ಥರ ಇದ್ರೆ ಕೇಳಿ."

ಅತ್ತೆಯ ಮುಖದಲ್ಲಿ ಏನೋ ಆರಿತು, ಮರುಗಳಿಗೆಗೆ ನಗು ಬಂತು. "ಚೆನ್ನಾಗಿದೆ ಕಣೇ. ನುಣ್ಣಗಿದೆ."

ಆಮೇಲೆ ಮನೆ ಬದಲಾಯಿತು. ಮಾರನೆಯ ಬೆಳಿಗ್ಗೆ ಅತ್ತೆ ಟೀ ಪಾತ್ರೆ ಹಿಡಿದುಕೊಂಡು ಕೂರುವ ಕೋಣೆಯ ನಡುವೆ ನಿಂತಿದ್ದಳು. "ಒಲೆ ಎಲ್ಲಿಟ್ರಿ?" ಅಂತ ಕೇಳಿದಳು. ಇನ್ನೊಮ್ಮೆ ತನ್ನ ಮಂಚ ಅಂದುಕೊಂಡು ನಡುಕೋಣೆಯಲ್ಲಿ ಕೂರಲು ಹೋಗಿ ನೆಲಕ್ಕೆ ಬಿದ್ದಳು. ಏಟೇನೂ ಆಗಲಿಲ್ಲ. ಆದರೆ ಮುದುಕಿ ಆಮೇಲೆ ಮಂಚ ಬಿಟ್ಟು ಏಳಲಿಲ್ಲ. ಕಿಟಕಿಗಳನ್ನು ಬೇರೆ ಯಾರಾದರೂ ತೆರೆಯಬೇಕಾಯಿತು. ಹೂವಿನವಳು ಕೆಳಗಿನಿಂದ ಕೂಗಿ ಕೂಗಿ ಮುಂದೆ ಹೋದಳು.

ಒಂದು ಮಧ್ಯಾಹ್ನ ಅತ್ತೆ ಮಗಳಿಗೆ ಫೋನು ಮಾಡುತ್ತಿದ್ದುದು ಹಿಡಿಕೆಯಕ್ಕನ ಕಿವಿಗೆ ಬಿತ್ತು.

"ಭಾನುವಾರ ಬಂದು ಕರ್ಕೊಂಡು ಹೋಗಿಬಿಡೇ. ಇಲ್ಲ ಕಣೇ, ಸೊಸೆ ಚಿನ್ನದಂಥವಳು, ಅವಳ ಮಾತಲ್ಲ. ನಿನ್ನ ಮನೇಲಾದ್ರೆ ದಾರಿ ತಪ್ಪಿದ್ರೂ ಬೇರೆಯವರ ಮನೆ ಅಂದ್ಕೋಬಹುದು. ಸ್ವಂತ ಮನೇಲಿ ಕಳೆದುಹೋಗೋದು ನನ್ನ ಕೈಲಾಗಲ್ಲ."

ಹಿಡಿಕೆಯಕ್ಕ ನಡುಕೋಣೆಗೆ ಬಂದು ಕಣ್ಣು ಮುಚ್ಚಿಕೊಂಡಳು. ಗೋಡೆ ಸವರುತ್ತ ನಡೆದಳು. ನುಣ್ಣಗೆ. ಇನ್ನೂ ನಡೆದಳು. ನುಣ್ಣಗೆ. ಯಾವ ಕೋಣೆಯಲ್ಲಿದ್ದೇನೆ ಅಂತ ಅವಳಿಗೇ ತಿಳಿಯಲಿಲ್ಲ. ಮಂಜಿನೊಳಗೆ ಒಂದೇ ಮನೆ ಮತ್ತೆ ಮತ್ತೆ ಎದುರಾದ ಹಾಗೆ. ಕಂಡವರ ಮನೆಯ ಹಿಡಿಕೆಗಳ ಮೇಲೆಲ್ಲ ಕೈಯಿಟ್ಟು ಕನಸು ಕಂಡವಳು, ತನ್ನ ಮನೆಯದರ ಮೇಲೆ ಮಾತ್ರ ಕೈಯಿಡಲಿಲ್ಲ. ಇಟ್ಟಿದ್ದರೆ ಅವು ಹೇಳುತ್ತಿದ್ದವು, ಅತ್ತೆಗೆ ಕೋಣೆಕೋಣೆಗೂ ದಾರಿ ತೋರಿಸುತ್ತಿದ್ದುದು ತಾವೇ ಅಂತ.

ನೇರ ಹೋಗಿ ಅತ್ತೆಯ ಮಂಚದ ಪಕ್ಕ ಕೂತಳು. "ಯಾಕತ್ತೆ ಒಂದು ಮಾತು ಹೇಳಲಿಲ್ಲ?"

"ಹೇಗೆ ಹೇಳಲೇ? ಜೋಡಿ ಬೇಕು, ಜೋಡಿ ಬೇಕು ಅಂತ ಬಡ್ಕೊಂಡಿದ್ದು ನಾನೇ. ತಂದುಕೊಟ್ಟ ಮೇಲೆ ಬೇಡ ಅನ್ನೋಕೆ ಬಾಯೇ ಬರಲಿಲ್ಲ."

"ಏಳಿ. ಸೀರೆ ಬದಲಾಯಿಸಿ."

"ಎಲ್ಲಿಗೆ?"

"ನಿಮ್ಮ ಸೋಮಾರಿನ ಹುಡುಕೋಕೆ."

ಗುಜರಿಯವನ ಅಂಗಡಿಯ ಹಿತ್ತಲಲ್ಲಿ ಬಿಸಿಲು ಬಿದ್ದು ತಗಡು, ತಂತಿ, ಹಳೇ ಸೈಕಲ್ಲಿನ ಚಕ್ರಗಳೆಲ್ಲ ಮಿಣುಗುತ್ತಿದ್ದವು. ಹಿಡಿಕೆಗಳದೇ ಒಂದು ರಾಶಿ ಇತ್ತು. ಎಷ್ಟೋ ಮನೆಗಳಿಂದ ಹಿಡಿಕೆಯಕ್ಕನೇ ಬಿಚ್ಚಿ ಕಳಿಸಿದವು. ಗುಜರಿಯವನು ಸೊಂಟಕ್ಕೆ ಕೈಕೊಟ್ಟು ನಿಂತ.

"ಈ ರಾಶೀಲಿ ಹುಡುಕೋದಾ ಅಜ್ಜಿ? ನನ್ನ ಹೆಂಡ್ತಿ ಕಳೆದುಹೋದ್ರೂ ನಾನು ಇಲ್ಲಿ ಹುಡುಕಲ್ಲ."

"ಅದು ಗೊತ್ತಿದ್ದೇ ಪಾಪ ಅವಳು ಮನೆ ಬಿಟ್ಟು ಹೊರಗೆ ಬರಲ್ಲ ಅನ್ಸುತ್ತೆ," ಅಂದಳು ಅತ್ತೆ. ಎಷ್ಟೋ ದಿನದ ಮೇಲೆ ಅವಳ ನಾಲಿಗೆಗೆ ಜೀವ ಬಂದಿತ್ತು. ಗುಜರಿಯವನು ಹೋ ಅಂತ ನಕ್ಕು ಕೂರಲು ಒಂದು ಪೆಟ್ಟಿಗೆ ಮಗುಚಿ ಹಾಕಿಕೊಟ್ಟ.

ಹಿಡಿಕೆಯಕ್ಕ ಬೊಗಸೆ ಬೊಗಸೆಯಾಗಿ ತಂದು ಅತ್ತೆಯ ಮಡಿಲಿಗೆ ಸುರಿದಳು. ಅವು ಒಂದಕ್ಕೊಂದು ತಾಕಿ ದೂರದ ಗಂಟೆಗಳ ಹಾಗೆ ಕಿಣಿಕಿಣಿ ಅಂದವು. ಅತ್ತೆ ಒಂದೊಂದನ್ನೇ ಎತ್ತಿ, ಅಂಗೈಯಲ್ಲಿ ಹೊರಳಿಸಿ, ಪಕ್ಕಕ್ಕೆ ಇಡತೊಡಗಿದಳು.

"ಇದು ಸಿಡುಕರ ಮನೇದು. ಬುಡದಲ್ಲೇ ಬಿರುಕು ನೋಡು, ಯಾವಾಗ್ಲೂ ಧಡಾರಂತ ಹಾಕ್ತಿದ್ರು. ಇದನ್ನ ಮುಟ್ಟಿದೋರೇ ಇಲ್ಲ, ಅಂಚು ಇನ್ನೂ ಚುಚ್ಚುತ್ತೆ. ಅತಿಥಿಗಳ ಕೋಣೆಯದಿರಬೇಕು, ಬಡಪಾಯಿ." ಒಂದನ್ನು ಮಾತ್ರ ಮತ್ತೆ ಮತ್ತೆ ಹೊರಳಿಸಿ ಸವರಿದಳು. "ಇದು ನೋಡೇ. ಮೇಲೆ ಸವೆದೇ ಇಲ್ಲ. ಕೆಳಗೆ ಹೆಬ್ಬೆರಳು ಉಜ್ಜಿ ಉಜ್ಜಿ ಗುಳಿ ಬಿದ್ದಿದೆ. ಇದನ್ನ ತಿರುಗಿಸಿದ್ದು ಕಮ್ಮಿ, ಹಿಡ್ಕೊಂಡು ನಿಂತಿದ್ದು ಜಾಸ್ತಿ. ಯಾರೋ ಯಾರದೋ ದಾರಿ ಕಾದಿದ್ದಾರೆ."

ಹಿಡಿಕೆಯಕ್ಕನೂ ಆ ಗುಳಿಗೆ ಬೆರಳಿಟ್ಟಳು. ಬಿಸಿಲಿನಲ್ಲಿ ಧೂಳು ಚಿನ್ನದ ಹಾಗೆ ತೇಲುತ್ತಿತ್ತು. ಅದರಾಚೆ ಒಂದು ಉದ್ದನೆಯ ಬೀದಿ, ಬೀದಿಯ ತುದಿಯಲ್ಲಿ ಬರುತ್ತಿರುವ ಯಾರೋ ಒಬ್ಬರು ಕಂಡ ಹಾಗಾಯಿತು. ಇಷ್ಟು ಕಾಲ ಈ ನೋಟವೆಲ್ಲ ತನ್ನೊಬ್ಬಳಿಗೇ ಅಂದುಕೊಂಡಿದ್ದಳು. ಅತ್ತೆ ಅದನ್ನು ತನಗಿಂತ ಚೆನ್ನಾಗಿ ಕಾಣುತ್ತಿದ್ದಳು.

"ಸಿಕ್ಕಿದ!" ಅಂತ ಅತ್ತೆ ಕೂಗಿದಾಗ ಗುಜರಿಯವನೂ ಓಡಿ ಬಂದ. "ನೋಡು, ಇಲ್ಲೂ ಜೋತುಬಿದ್ದಿದಾನೆ, ಸೋಮಾರಿ ನನ್ಮಗ!"

ಕೊಂಕಿಯೂ ಸಿಕ್ಕಿತು. ಗುಂಡ ರಾಶಿಯ ತಳಕ್ಕೆ ಉರುಳಿಹೋಗಿತ್ತು, ಅದೂ ಸಿಕ್ಕಿತು. ಮೊಂಡ ಮಾತ್ರ ಸಿಗಲಿಲ್ಲ.

"ಮುರಿದ ಹಿತ್ತಾಳೆನಾ?" ಗುಜರಿಯವನು ತಲೆ ಕೆರೆದುಕೊಂಡ. "ಅದನ್ನೆಲ್ಲ ಕುಲುಮೆಗೆ ಕಳಿಸಿಬಿಟ್ಟೆ ಅಜ್ಜಿ. ಇಷ್ಟು ಹೊತ್ತಿಗೆ ಯಾವ ಪಾತ್ರೆ ಆಗಿದ್ಯೋ ಏನೋ."

ಅಡುಗೆಮನೆಯ ಹಿಡಿಕೆ ಅತ್ತೆಯ ಕೈ ಅತಿ ಹೆಚ್ಚು ಸಲ ಮುಟ್ಟಿದ್ದು. ಹಿಡಿಕೆಯಕ್ಕ ರಾಶಿಯನ್ನು ಇನ್ನೊಮ್ಮೆ ಕೆದಕಿದಳು. ಅಡುಗೆಮನೆಗೆ ದಾರಿ ಸಿಗದಿದ್ದರೆ ಮಿಕ್ಕ ಮೂರು ಸಿಕ್ಕಿ ಏನು ಬಂತು? ಅಷ್ಟರಲ್ಲಿ ಅತ್ತೆ ಮಡಿಲಲ್ಲಿ ತಡಕಿ ಆ ಗುಳಿಬಿದ್ದ ಹಿಡಿಕೆಯನ್ನು ಮತ್ತೆ ಎತ್ತಿಕೊಂಡಳು.

"ಇದನ್ನ ಹಾಕಿ ನೋಡು. ಅಡುಗೆಮನೇಲೂ ಕಾಯೋದೇ ತಾನೆ ಕೆಲಸ? ಹಾಲು ಉಕ್ಕೋದು ಕಾಯಿ, ಅನ್ನ ಬೇಯೋದು ಕಾಯಿ, ಗಂಡ ಬರೋದು ಕಾಯಿ."

"ಒಗ್ಗದಿದ್ರೆ?"

"ಒಗ್ಗದಿದ್ರೆ ಭಾನುವಾರ ಮಗಳು ಬರ್ತಾಳಲ್ಲ."

ಹಿಡಿಕೆಯಕ್ಕ ಅಂದು ಬೇರೆ ಯಾವ ಕೆಲಸಕ್ಕೂ ಹೋಗಲಿಲ್ಲ. ಹಳೆಯವನ್ನೆಲ್ಲ ಉಜ್ಜಿದಳು, ಆದರೆ ಹೊಳಪು ಬರುವಷ್ಟು ಉಜ್ಜಲಿಲ್ಲ. ಕೈ ಮೂಡಿಸಿದ ತಗ್ಗುದಿಣ್ಣೆಗಳು ಹಾಗೇ ಉಳಿಯಬೇಕಿತ್ತು. ಒಳಗೆ ಮಾತ್ರ ಹೊಸ ಚೌಕದ ಕಡ್ಡಿ, ಹೊಸ ಸ್ಕ್ರೂ, ಒಂದೊಂದು ಹನಿ ಎಣ್ಣೆ. ಹೊಳೆಯುವ ಹೊಸ ಜೋಡಿಗಳನ್ನು ಬಿಚ್ಚುವ ಮೊದಲು ಅವುಗಳ ಮೇಲೂ ಕೈಯಿಟ್ಟಳು. ಅವುಗಳಿಗೆ ಹೇಳಿಕೊಳ್ಳಲು ಇನ್ನೂ ಏನೂ ಇರಲಿಲ್ಲ. ಆಮೇಲೆ ಸೋಮಾರಿಯ ಮೇಲೆ ಕೈಯಿಟ್ಟಳು. ಅತ್ತೆಯ ಬೆರಳುಗಳ ಬಿಸಿ ಇತ್ತು. ಅದರಡಿಯಲ್ಲಿ, ಇನ್ನೂ ಆಳದಲ್ಲಿ, ಮೀಸೆಯಡಿಯಲ್ಲಿ ನಗುವ ಒಬ್ಬ ಮುದುಕನ ಕೈಯೂ ಇತ್ತು.

ಭಾನುವಾರ ಬೆಳಿಗ್ಗೆ ಕೆಳಗೆ ಕಾರು ನಿಂತಿತು. ಮಗಳ ದನಿ ಕೇಳಿತು. "ಅಮ್ಮಾ, ರೆಡಿನಾ?"

ಅತ್ತೆ ಮಂಚದಿಂದ ಎದ್ದು ಗೋಡೆಗೆ ಕೈಯಿಟ್ಟಳು. ಹಿಡಿಕೆಯಕ್ಕ ಅಡುಗೆಮನೆಯ ಮೂಲೆಯಲ್ಲಿ ಅಲ್ಲಾಡದೆ ನಿಂತಿದ್ದಳು. ಸೋಮಾರಿ ಲಟಕ್ಕೆಂದು ತಿರುಗಿತು, ಬೆಳಕು ಬಂತು. ಕೊಂಕಿ ತಿರುಗಿತು, ಬೆಳಕು ಬಂತು. ಗುಂಡ ತಿರುಗಿತು. ಹೆಜ್ಜೆ ಒಂದಿಷ್ಟೂ ತಡವರಿಸಲಿಲ್ಲ. ಕೊನೆಗೆ ಅಡುಗೆಮನೆ. ಮುದುಕಿಯ ಕೈ ಹಿಡಿಕೆಯನ್ನು ಮುಟ್ಟಿ ನಿಂತಿತು. ಹೆಬ್ಬೆರಳು ಮೆಲ್ಲಗೆ ಕೆಳಗೆ ಹೋಯಿತು, ಆ ಗುಳಿಯನ್ನು ಹುಡುಕಿತು, ಅದರೊಳಗೆ ಕೂತಿತು. ಯಾರೋ ಕಾದು ಕಾದು ಮಾಡಿಟ್ಟ ಜಾಗ. ಅವಳ ಅಳತೆಗೇ ಮಾಡಿಸಿದ ಹಾಗಿತ್ತು.

ಅತ್ತೆ ಹಿಡಿಕೆ ತಿರುಗಿಸಿ, ಕಿಟಕಿ ತಳ್ಳಿ, ಬಿಸಿಲಿಗೆ ಮುಖವೊಡ್ಡಿ ಕೆಳಗೆ ಕೂಗಿದಳು. "ಮೇಲೆ ಬಾರೇ! ಟೀಗೆ ಇಡ್ತಿದೀನಿ. ನಾನು ಎಲ್ಲೂ ಬರಲ್ಲ, ಬೇಕಾದ್ರೆ ನೀನೇ ನಾಲ್ಕು ದಿನ ಇದ್ದು ಹೋಗು."

ಮಗಳು ಮೇಲೆ ಬಂದಳು. ಕೋಣೆಯಿಂದ ಕೋಣೆಗೆ ಬರುತ್ತ ಕಿಟಕಿಗಳನ್ನು ನೋಡಿದಳು. "ಇದೇನತ್ತಿಗೆ, ಹೊಸ ಹಿಡಿಕೆ ಹಾಕಿಸಿದೀರಿ ಅಂತ ಅಮ್ಮ ಅಂದಿದ್ರು? ಒಂದಕ್ಕೊಂದು ಜೋಡಿನೇ ಇಲ್ಲ!"

ಹಿಡಿಕೆಯಕ್ಕ ಬಾಯಿ ತೆರೆಯುವ ಮೊದಲೇ ಒಲೆಯ ಹತ್ತಿರದಿಂದ ಉತ್ತರ ಬಂತು.

"ಏನು ಮಾಡಲಿ ಹೇಳು? ಊರವರ ಮನೆಗೆಲ್ಲ ಜೋಡಿ ಜೋಡಿ ಹಾಕ್ತಾಳೆ. ನನ್ನ ಮನೆಗೆ ಮಾತ್ರ ದಿಕ್ಕಿಲ್ಲದವನ್ನೆಲ್ಲ ಕರ್ಕೊಂಡು ಬರ್ತಾಳೆ. ನಿಮ್ಮಪ್ಪನ ಬುದ್ಧಿ ಇವಳಿಗೂ ಬಂದುಬಿಟ್ಟಿದೆ."

ಕಿಟಕಿಯ ಕೆಳಗೆ ಹೂವಿನವಳು ಕೂಗಿದಳು. ಅತ್ತೆ ಉರಿ ಸಣ್ಣ ಮಾಡಿ, ಗುಳಿಬಿದ್ದ ಹಿಡಿಕೆಯನ್ನು ಹಿಡಿದುಕೊಂಡು, ಅವಳ ಜೊತೆ ಮಾತಿಗೆ ಬಾಗಿದಳು.