ಜೋಯಿಸರು ಅಳಿಸಿದ ಸಾಲು

ಅಕ್ಷರವನ್ನೂ ಅಂಕಿಯನ್ನೂ ಕರುಣಿಸಿ, ಅವನ್ನು ಯಾರೊಬ್ಬರ ಸೊತ್ತಾಗಿಸದೆ ಉಳಿಸಿದ ವಾಗ್ದೇವಿಗೆ ಮೊದಲ ನಮಸ್ಕಾರ. ನನ್ನ ನಾಲಿಗೆಯನ್ನು ತಿದ್ದಿದ ಪಾಠಶಾಲೆಯ ಗುರುಗಳಿಗೆ ನಮಸ್ಕಾರ. ಕೇಳಿದವನಿಗೆ ಇಲ್ಲವೆನ್ನದೆ ಹೇಳಿಕೊಡುವುದೇ ಅವರ ಬದುಕಾಗಿತ್ತು. ನಾನು ಕಾಣದ ದೇಶಗಳಲ್ಲಿ ಕುಳಿತು, ನನ್ನ ಹೆಸರನ್ನೂ ಅರಿಯದೆ, ನಮ್ಮ ಮನೆಯ ಯಂತ್ರಕ್ಕೆ ಜೀವ ತುಂಬಿದವರಿಗೂ ನಮಸ್ಕಾರ. ಇವರೆಲ್ಲರ ಋಣವನ್ನು ನೆನೆಯದೆ ಈ ಪ್ರಸಂಗವನ್ನು ಹೇಳತೊಡಗುವುದು ಸರಿಯಲ್ಲ.

ಅದು ತೊಂಬತ್ತರ ದಶಕದ ನಡುಗಾಲ. ಕಾರವಾರದ ಶಾಲೆಯೊಂದರಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದ ನಾನು ಅಲ್ಲಿಯೇ ಹಬ್ಬುವಾಡದ ಮನೆಯಲ್ಲಿದ್ದೆ. ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತ ನಮ್ಮೊಡನೆಯೇ ಇದ್ದಳು. ಜಗಲಿಯ ಪಕ್ಕದ ಕೋಣೆಯಲ್ಲಿ ಅವಳ ಕಂಪ್ಯೂಟರ್. ಅದರಿಂದ ಹೊರಟ ತಂತಿ ಟೆಲಿಫೋನಿಗೆ. ಅವಳು ಹೊರಗಿನ ಲೋಕಕ್ಕೆ ಸಂಪರ್ಕ ಜೋಡಿಸುವಾಗ ಆ ಪೆಟ್ಟಿಗೆ ಕಾಡುಹಕ್ಕಿಯಂತೆ ಕಿರುಚುತ್ತಿತ್ತು. ಅಷ್ಟು ಹೊತ್ತು ನಮ್ಮ ಮನೆಗೆ ಯಾರೂ ಫೋನು ಮಾಡುವಂತಿರಲಿಲ್ಲ.

ಕಂಪ್ಯೂಟರ್ ಎಚ್ಚರಗೊಳ್ಳಬೇಕಾದರೆ, ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಬೇಕಾದರೆ, ಎಲ್ಲಕ್ಕೂ ಅಡಿಪಾಯವಾಗಿ ಆಪರೇಟಿಂಗ್ ಸಿಸ್ಟಮ್ ಎಂಬುದೊಂದು ಬೇಕೆಂದು ಅವಳೇ ನನಗೆ ತಿಳಿಹೇಳಿದಳು. ಹಲವು ದೇಶಗಳ ಜನ ಸೇರಿ ಅಂಥದ್ದೊಂದನ್ನು ಕಟ್ಟುತ್ತಿದ್ದರು. ಅದರ ಬುಡದಿಂದ ತುದಿಯವರೆಗೆ ಇರುವುದೆಲ್ಲ ಸ್ವತಂತ್ರ ತಂತ್ರಾಂಶವೇ ಆಗಿರಬೇಕೆಂಬುದು ಅವರ ನಿಯಮ. ಯಾರು ಬೇಕಾದರೂ ಯಾವ ಕೆಲಸಕ್ಕಾದರೂ ಬಳಸಬಹುದು. ಒಳಗಿನ ಬರಹವನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೊಬ್ಬರಿಗೆ ಕೊಡಬಹುದು.

"ಅಂದರೆ ಪುಕ್ಕಟೆಯೋ?" ಎಂದೆ.

"ಪುಕ್ಕಟೆ ಅನ್ನುದು ದೊಡ್ಡ ಮಾತಲ್ಲ ಮಾಮಾ. ತಕ್ಕಂಡವರ ಕೈ ಕಟ್ಟಿ ಹಾಕುದಿಲ್ಲ. ಅದು ದೊಡ್ಡದು."

ಆ ವ್ಯವಸ್ಥೆಯೊಳಗೆ ತನ್ನ ಪಾಲಿನ ಸೇವೆಯಾಗಿ ಪಂಚಾಂಗದ ತಂತ್ರಾಂಶವೊಂದನ್ನು ಸೇರಿಸಬೇಕೆಂದು ಅವಳು ಹೊರಟಿದ್ದಳು. ತಿಥಿ, ನಕ್ಷತ್ರಗಳು ಯಾವ ಗಳಿಗೆಗೆ ಮುಗಿಯುತ್ತವೆಂದು ಅದು ಗುಣಿಸಿ ಹೇಳಬೇಕು. ಈ ಗಣಿತ ಗೊತ್ತಿದ್ದವರು ಅಂಕೋಲೆಯ ಜೋಯಿಸರು, ಪಾಠಶಾಲೆಯಲ್ಲಿ ನನ್ನೊಡನೆ ಓದಿದವರು. ಅಂಕೋಲೆಯ ಸೂರ್ಯೋದಯಕ್ಕೆ ಹೊಂದುವ ಸಂಸ್ಕಾರಗಳು, ಅಂದರೆ ಲೆಕ್ಕದ ತಿದ್ದುಪಡಿಗಳು, ಅವರ ಮನೆತನದಲ್ಲಿ ಶ್ಲೋಕರೂಪದಲ್ಲಿ ಬಾಯಿಂದ ಬಾಯಿಗೆ ಬಂದಿದ್ದವು, ಎಲ್ಲಿಯೂ ಅಚ್ಚಾಗಿರಲಿಲ್ಲ. ತಮ್ಮ ಜಗಲಿಯಲ್ಲಿ ಕುಳಿತು ಅವರು ಶ್ಲೋಕ ಹೇಳುವರು, ನಾನು ಅರ್ಥ ಬಿಡಿಸುವೆನು, ಅವಳು ಬರೆದುಕೊಳ್ಳುವಳು. ಹೀಗೆ ಎಷ್ಟೋ ಭಾನುವಾರಗಳು ಕಳೆದವು. ಆ ಶ್ಲೋಕಗಳಲ್ಲಿ ಅಂಕಿಗಳ ಜಾಗದಲ್ಲಿ ವಸ್ತುಗಳ ಹೆಸರು ಬರುತ್ತದೆ: ಆಕಾಶವೆಂದರೆ ಸೊನ್ನೆ, ಕಣ್ಣೆಂದರೆ ಎರಡು.

"ಇಲ್ಲಿ ಹರನ ಕಣ್ಣು ಅಂತ ಉಂಟು. ಹಾಗಾಗಿ ಮೂರು," ಎಂದರು ಜೋಯಿಸರು ಒಮ್ಮೆ.

"ನನ್ನ ಕಂಪ್ಯೂಟರಿಗೆ ದೇವ್ರ ಪರಿಚಯ ಇಲ್ಲ ಜೋಯಿಸಜ್ಜಾ. ಅಂಕಿಯಲ್ಲೇ ಹೇಳಿ."

"ಪರಿಚಯ ಮಾಡ್ಸು ಮಾರಾಯ್ತಿ! ಅದ್ಕೆ ತಾನೆ ನಿಂಗೆ ಸಂಬಳ?"

ಮೊದಮೊದಲು ಯಂತ್ರದ ಗಣಿತಕ್ಕೂ ಜೋಯಿಸರ ಸ್ಲೇಟಿಗೂ ತಾಳೆಯಾಗುತ್ತಿರಲಿಲ್ಲ. ಅವಳು ತಿದ್ದುವಳು, ಮತ್ತೆ ಬರುವಳು. ತಾಳೆಯಾದ ದಿನ ಜೋಯಿಸರು ಸ್ಲೇಟನ್ನು ಕೆಳಗಿಟ್ಟು ಕಣ್ಣು ಮುಚ್ಚಿ ಕುಳಿತರು. ಆಮೇಲೆ, ತಂತ್ರಾಂಶದ ಬರಹದ ತಲೆಯಲ್ಲಿ ಒಂದು ಸಾಲು ಇರಬೇಕೆಂದರು: ಇದನ್ನು ಅಶುಭಕಾರ್ಯಕ್ಕೆ ಬಳಸತಕ್ಕದ್ದಲ್ಲ.

ಈ ಸಾಲಿಗೆ ಮೂಲವಿತ್ತು. ನಮ್ಮ ಪಾಠಶಾಲೆಯಲ್ಲಿ ಗಣಿತದ ಪಾಠ ಮುಗಿಸಿದವನು ಗುರುಗಳ ಪಾದ ಮುಟ್ಟಿ, ಈ ವಿದ್ಯೆಯನ್ನು ಅಶುಭಕ್ಕೆ ಬಳಸೆನೆಂದು ಮಾತು ಕೊಡಬೇಕಿತ್ತು. ಜೋಯಿಸರು ಕೊಟ್ಟ ಆ ಮಾತು ಅವರ ಜನಿವಾರದಷ್ಟೇ ಮೈಗೆ ಹತ್ತಿತ್ತು. ಆ ಸಾಲನ್ನು ಉಳಿಸುತ್ತೇನೆಂದು ಅವಳು ಒಪ್ಪಿಕೊಂಡಳು, ಹಾಗೆಯೇ ಬರೆದು ವ್ಯವಸ್ಥೆ ಕಟ್ಟುವವರಿಗೆ ಕಳುಹಿಸಿದಳು.

ಬಂದ ಉತ್ತರವನ್ನು ಅವಳು ನನಗೆ ಓದಿ ಹೇಳಿದ್ದು ಮೆಲುದನಿಯಲ್ಲಿ. ಕೆಲಸವನ್ನು ಅವರು ಬಹಳ ಮೆಚ್ಚಿದ್ದರು. ಆದರೆ ಇಂಥದ್ದಕ್ಕೆ ಬಳಸಬಾರದು ಎಂಬ ಕಟ್ಟು ಇರುವವರೆಗೆ ಅದು ಸ್ವತಂತ್ರವಲ್ಲ. ಅಂಥದ್ದೊಂದನ್ನು ಸೇರಿಸಿದರೂ ವ್ಯವಸ್ಥೆ ಪೂರ್ತಿಯಾಗಿ ಸ್ವತಂತ್ರವೆಂದು ಹೇಳುವಂತಿಲ್ಲ. ಹೊಸ ಆವೃತ್ತಿ ಸಿದ್ಧವಾಗುತ್ತಿತ್ತು. ಸಾಲು ಬೇಗನೆ ಹೋಗದಿದ್ದರೆ ಅವಳ ಪಂಚಾಂಗವನ್ನು ಬಿಟ್ಟೇ ಅದು ಹೊರಡುವುದಿತ್ತು.

"ಒಂದು ಸಾಲು ತಾನೆ? ಅಳಿಸಿಬಿಡು," ಎಂದೆ.

"ಗಣಿತ ಅವರದ್ದು ಮಾಮಾ. ಮಾತು ಕೊಟ್ಟವಳು ನಾನು. ಅವರು ಅಳಿಸು ಅಂದ್ರೆ ಮಾತ್ರ."

ಮರುದಿನ ರಜೆ ಹಾಕಿ ನನ್ನೊಡನೆ ಅಂಕೋಲೆಯ ಬಸ್ಸು ಹತ್ತಿದಳು. ಕಿಟಕಿಯಾಚೆ ಸಮುದ್ರ ಬಂದು ಬಂದು ಮರೆಯಾಗುತ್ತಿತ್ತು. ಅವಳ ದೃಷ್ಟಿ ಮಡಿಲ ಮೇಲಿನ ಚೀಲವನ್ನು ಬಿಟ್ಟು ಕದಲಲಿಲ್ಲ.

ಜೋಯಿಸರು ಎಲ್ಲವನ್ನೂ ಕೇಳಿದರು. ಅವರ ಹೆಂಡತಿ ಮುರುಗಲ ಹಣ್ಣಿನ ಪಾನಕ ತಂದಿಟ್ಟರು.

"ಆಗುದಿಲ್ಲ ತಂಗೀ," ಎಂದರು ಜೋಯಿಸರು. "ಗುರುಗಳ ಕಾಲು ಮುಟ್ಟಿ ಹೇಳಿದ ಮಾತು. ಯಾರೋ ಗೊತ್ತಿಲ್ಲದವ ಇದ್ನ ತಕ್ಕಂಡು ಕೆಡುಕು ಮಾಡಿದ್ರೆ ಪಾಪ ಯಾರಿಗೆ?"

ಅವಳು ವಾದಿಸಲಿಲ್ಲ. ಲೋಟದ ಪಾನಕವನ್ನೂ ಮುಟ್ಟಲಿಲ್ಲ.

ಆಗ ಅಂಗಳದ ಅಂಚಿನಲ್ಲಿ ಒಬ್ಬಾತ ಬಂದು ನಿಂತ. ಅಲ್ಲಿಯ ಗದ್ದೆಗಳಲ್ಲಿ ಕೂಲಿ ಮಾಡುವವನು. ಕರೆದರೂ ಮೇಲೆ ಬರಲಿಲ್ಲ; ಅವನಿಗೆ ಸೂತಕವಿತ್ತು.

"ಒಡೆಯಾ, ಅವ್ವಿ ತೀರ್ಕಂಡ್ಲು."

"ಅಯ್ಯೋ. ಯಾವಾಗ?"

"ಬೆಳ್ಗಿನ ಜಾವ. ಕೋಳಿ ಕೂಗಿತ್ತು. ನಕ್ಷತ್ರ ಕೆಟ್ಟದ್ದಾದ್ರೆ ಮನಿ ಬಿಡ್ಬೇಕು ಅಂತ್ರು ಎಲ್ಲರೂ. ಬಿಟ್ಟು ಎಲ್ಲಿಗೆ ಹೋಗುದು ಒಡೆಯಾ? ಮಕ್ಕಳು ಸಣ್ಣವ್ವು."

ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಮನೆಗೆ ಬಾಗಿಲು ಹಾಕಿ ತಿಂಗಳುಗಟ್ಟಲೆ ಬೇರೆಡೆ ಇರುವ ರೂಢಿ ನಮ್ಮಲ್ಲಿದೆ. ಅಂಥ ನಕ್ಷತ್ರಗಳಲ್ಲಿ ಕೊನೆಯದು ಆ ದಿನ ಬೆಳಗಿನ ಹೊತ್ತಿಗೆ ಮುಗಿಯುವುದಿತ್ತು. ಮುಗಿದದ್ದು ಸಾವಿಗೆ ಮೊದಲೋ ಆಮೇಲೋ ಎಂಬುದೊಂದೇ ಪ್ರಶ್ನೆ. ಜೋಯಿಸರು ಸ್ಲೇಟು ಎಳೆದುಕೊಂಡರು. ಗುಣಿಸಿದರು, ಒರೆಸಿದರು, ಮತ್ತೆ ಗುಣಿಸಿದರು. ಅಂಗಳದಲ್ಲಿದ್ದವನು ಅವರ ಬೆರಳನ್ನೇ ನೋಡುತ್ತಿದ್ದ.

"ತಂಗೀ, ಈ ತಿಂಗಳದ್ದು ನಿನ್ನ ಯಂತ್ರದಲ್ಲಿ ತೆಗೆದದ್ದು ಉಂಟಾ?"

ಅವಳು ಚೀಲದಿಂದ ಅಚ್ಚಾದ ಹಾಳೆ ತೆಗೆದು ಕೊಟ್ಟಳು. ಅವರು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಸ್ಲೇಟೂ ಹಾಳೆಯೂ ಒಂದೇ ಮಾತು ಹೇಳಿದವು: ಕೋಳಿ ಕೂಗುವುದಕ್ಕೆ ಮೊದಲೇ ನಕ್ಷತ್ರ ಕಳೆದಿತ್ತು.

"ದೋಷ ಇಲ್ಲ. ಮನೆ ಬಿಡುದು ಬೇಡ. ಹೋಗು, ತಾಯಿ ಕೆಲ್ಸ ಚಂದ ಮಾಡಿ ಮುಗ್ಸು."

ಅವನು ನಿಂತಲ್ಲೇ ಕೈ ಮುಗಿದ. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡು ಹೊರಟುಹೋದ.

ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಜೋಯಿಸರ ಹೆಂಡತಿ ಕೇಳಿದರು: "ಅಶುಭಕ್ಕೆ ಬಳಸ್ಬಾರ್ದು ಅಂತ ಬರ್ಸಿದವ್ರು ಯಾರು? ಪಕ್ಕದ ಮನೆಯವ್ರಾ?"

ಹಾಳೆ ಇನ್ನೂ ಜೋಯಿಸರ ಕೈಯಲ್ಲೇ ಇತ್ತು. ಗೆದ್ದವಳ ಮುಖ ನನ್ನ ತಂಗಿಯ ಮಗಳದಾಗಿರಲಿಲ್ಲ.

"ಸಾವಿನ ಕೆಲ್ಸ ಬಿಟ್ಟು, ಬಾಕಿ ಅಶುಭಕ್ಕೆ ಅಂತ ತಿದ್ದಿದ್ರೆ?" ಎಂದರು ಜೋಯಿಸರು ಕಡೆಗೆ.

"ಯಾವುದು ಅಶುಭ ಅಂತ ಯಾರು ತೀರ್ಮಾನ ಮಾಡುದು ಅಜ್ಜಾ? ಪ್ರತಿ ಸಲ ನಿಮ್ಮನ್ನ ಕೇಳೂಕೆ ಆ ದೇಶದವ್ರು ಅಂಕೋಲೆಗೆ ಬರ್ಬೇಕಾಗ್ತದೆ."

"ಬರ್ಲಿ. ಪಾನಕ ಮಾಡಿಕೊಡ್ವ," ಎಂದರು ಅವರ ಹೆಂಡತಿ.

ಜೋಯಿಸರಿಗೂ ನಗು ಬಂತು. ಆದರೆ ಮುಂದಿನ ಮಾತನ್ನು ಅವರು ಆಡಿದ್ದು ಗಂಭೀರವಾಗಿಯೇ, ನನ್ನನ್ನು ನೋಡುತ್ತ. "ಗುರುಗಳು ಮಾತು ತಕ್ಕಂಡದ್ದು ನನ್ನ ಹತ್ರ. ಆದ್ರೂ ವಿದ್ಯೆ ಕೊಡುವಾಗ ಪೂರಾ ಕೊಟ್ರು. ಅರ್ಧ ಕೈಯಲ್ಲಿ ಹಿಡ್ಕಂಡು ಉಳ್ಸಲಿಲ್ಲ. ವ್ರತ ನಂದು, ನಾ ಪಾಲಿಸ್ತೆ. ಬೇರೆಯವ್ರ ತಲೆ ಮೇಲೆ ಅದ್ನ ಹೊರ್ಸುದು ಯಾಕೆ? ಅಳ್ಸು ತಂಗೀ."

ಅವಳು ತಲೆ ಬಗ್ಗಿಸಿ ಲೋಟ ಎತ್ತಿಕೊಂಡಳು.

"ಒಂದು ಕೇಳ್ತೆ," ಎಂದರು ಜೋಯಿಸರು ಮತ್ತೆ. "ಆ ಜಾಗದಲ್ಲಿ, ಬಳಸುವವ್ರಿಗೆ ಒಳ್ಳೇದಾಗ್ಲಿ ಅಂತ ಬರ್ದ್ರೆ ಅವ್ರ ನಿಯಮಕ್ಕೆ ಅಡ್ಡಿ ಉಂಟಾ?"

"ಆಶೀರ್ವಾದಕ್ಕೆ ಅಡ್ಡಿ ಇಲ್ಲ ಅಜ್ಜಾ. ಆದ್ರೆ ಬ್ಯಾಡ ಅಂದವ್ರು ಅದನ್ನೂ ಅಳಿಸ್ಬಹುದು."

"ಅಳಿಸ್ಲಿ. ಅಳಿಸಿದವ್ರಿಗೂ ಒಳ್ಳೇದಾಗ್ಲಿ."

ಆ ಸಂಜೆಯೇ ನಮ್ಮ ಮನೆಯ ಪೆಟ್ಟಿಗೆ ಕಿರುಚಿತು, ತಿದ್ದಿದ ಬರಹ ಹೋಯಿತು. ಹೊಸ ಆವೃತ್ತಿಯ ಸಿ.ಡಿ. ತಟ್ಟೆ ಅಂಚೆಯಲ್ಲಿ ಬಂದಾಗ ಅವಳು ಅದನ್ನು ಅಂಕೋಲೆಗೆ ಒಯ್ದು ಜೋಯಿಸರ ಕೈಗಿಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು, ಅದರಲ್ಲಿ ತಮ್ಮ ಮುಖವನ್ನೇ ಕಂಡು, ದೇವರ ಮುಂದೆ ಇಟ್ಟು ಬಂದರು.

ವೇದದ ಒಂದು ಸ್ವರವೂ ಕದಲಬಾರದೆಂದು ಕಲಿತವನು ನಾನು. ಯಾರು ಬೇಕಾದರೂ ತಿದ್ದಬಹುದಾದ ಬರಹವೆಂದರೆ ನನಗೆ ಮೊದಲು ಅಳುಕೇ ಇತ್ತು. ಕಾಯುವುದಕ್ಕೆಂದೇ ಇರುವ ಮಾತುಗಳುಂಟು, ಕೊಟ್ಟು ಕೈ ಬಿಡುವುದಕ್ಕೆಂದೇ ಇರುವ ಮಾತುಗಳೂ ಉಂಟು. ಇವೆರಡನ್ನೂ ಒಂದೇ ಜಗಲಿಯಲ್ಲಿ, ಒಬ್ಬನೇ ಮನುಷ್ಯನಲ್ಲಿ ಕಂಡ ಮೇಲೆ ಆ ಅಳುಕು ಹೋಯಿತು.

ಶ್ಲೋಕ ಕಾಪಾಡಿ ತಂದವರಿಗೆ, ಅದನ್ನು ಬಿಟ್ಟುಕೊಟ್ಟವರಿಗೆ, ಕೊಟ್ಟ ಮಾತಿಗೆ ಕಾದು ಕುಳಿತವಳಿಗೆ ಶುಭವಾಗಲಿ. ಬಾಗಿಲಲ್ಲಿ ನಿಂತು ಕೇಳಬೇಕಾದ್ದನ್ನು ಕೇಳಿದ ಆ ಗೃಹಿಣಿಗೂ, ತಾಯಿಯನ್ನು ಕಳೆದುಕೊಂಡು ಅಂಗಳಕ್ಕೆ ಬಂದವನ ಮನೆಮಕ್ಕಳಿಗೂ ಶುಭವಾಗಲಿ. ದೂರದ ದೇಶಗಳಲ್ಲಿ ಕುಳಿತು ಇಡಿಯ ವ್ಯವಸ್ಥೆಯನ್ನು ಕಟ್ಟಿದವರಿಗೆ, ಅದನ್ನು ಬಳಸುವವರಿಗೆ, ತಿದ್ದುವವರಿಗೆ, ನಮ್ಮ ಸಾಲನ್ನು ಅಳಿಸುವವರಿಗೂ ಭಗವಂತ ಒಳ್ಳೆಯದನ್ನೇ ಮಾಡಲಿ.