ನೋರಾ ಅಮ್ಮನ ಮೇರಿಗಿಟ್ಟ ಕುಂಕುಮ

ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಜಯಶೀಲಾಳದು. ಶುಕ್ರವಾರ ಬಂತೆಂದರೆ ಅವಳಿಗೆ ಇವತ್ತಿಗೂ ತಾನು ನೋಡಿಕೊಳ್ಳುತ್ತಿದ್ದ ನೋರಾ ಅಮ್ಮನ ನೆನಪು. ಅವರು ತೀರಿಕೊಂಡು ವರ್ಷಗಳೇ ಆದವು. ಇಲ್ಲಿ ತೊಂಬತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಜಯಶೀಲಾಗೆ ನಾಲಿಗೆ ಏಳಲಿಲ್ಲ, 'ಅಮ್ಮ' ಸೇರಿಸಿದಳು. ಅವರೂ ಓಗೊಟ್ಟರು. ಸಂಜೆ ಚಹಾದ ಹೊತ್ತಿಗೆ ಅವರದು ತಮ್ಮ ತಾಯಿಯ ಕಥೆ, ಇವಳದು ನಂಜನಗೂಡಿನ ಅಜ್ಜಿಯ ಕಥೆ. ಎಂಥ ಸಂಜೆಗಳವು.

ಅವರ ಹಾಸಿಗೆಯ ಪಕ್ಕದಲ್ಲೊಂದು ಪುಟ್ಟ ಮರದ ದೇವರಗೂಡು. ಎರಡು ಬಾಗಿಲು, ಒಳಗೆ ಬಂಗಾರದ ಬಣ್ಣದ ಮೇಲೆ ಮಗುವನ್ನೆತ್ತಿಕೊಂಡ ಮೇರಿಯ ಚಿತ್ರ. ಐನೂರು ವರ್ಷದ ಹಿಂದೆ ಯಾರೋ ಮನೆಯಲ್ಲೇ ಪ್ರಾರ್ಥನೆ ಮಾಡಲೆಂದು ಮಾಡಿಸಿಕೊಂಡದ್ದಂತೆ.

ಶುಕ್ರವಾರ ದೇವಿಯ ಹಣೆ ಬರಿದಾಗಿದ್ದರೆ ಜಯಶೀಲಾಳ ಅಜ್ಜಿ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ, ಒಂದು ಶುಕ್ರವಾರ ಧೂಳು ಒರೆಸುವಾಗ ಮೇರಿಯ ಬೋಳು ಹಣೆ ಕಂಡು ಇವಳ ಕರುಳು ಚುರುಕ್ ಎಂದಿತು. ಪರ್ಸಿನಿಂದ ಕುಂಕುಮ ತೆಗೆದು ಬೊಟ್ಟಿಟ್ಟೇಬಿಟ್ಟಳು. ಐನೂರು ವರ್ಷ ಹಾಗೇ ಇದ್ದ ತಾಯಿಗೆ ಇವಳ ಬೊಟ್ಟೊಂದು ಕಡಿಮೆಯಾಗಿತ್ತು ನೋಡಿ.

ಆಮೇಲೆ ಬುದ್ಧಿ ಬಂತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕುಂಕುಮ ಬಣ್ಣದ ಬಿರುಕಿನೊಳಗೆ ಇಳಿದು ಕೂತಿತು. ಮರುದಿನವೇ ನೋರಾ ಅಮ್ಮನ ಅಣ್ಣನ ಮಗ ಡೆಕ್ಲನ್, ಹಳೆಯ ಚಿತ್ರಗಳನ್ನು ಬಲ್ಲವರೊಬ್ಬರನ್ನು ಕರೆತರುವವನಿದ್ದ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಈ ಅಮ್ಮ ತನ್ನನ್ನು ನಂಬದೆ ಹೋದರೆ? ಈ ಊರಿನಲ್ಲಿ ಅವಳಿಗಿದ್ದ ತವರು ಅದೊಂದೇ. ಅಳುತ್ತಲೇ ಎಲ್ಲ ಹೇಳಿದಳು.

ನೋರಾ ಅಮ್ಮ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಇವಳ ಬೆರಳು ಹಿಡಿದು ಮಗುವಿನ ಪಾದದ ಮೇಲಿಟ್ಟರು. ಅಲ್ಲಿ ಬಣ್ಣವೇ ಇರಲಿಲ್ಲ, ಬರೀ ನುಣುಪು ಮರ.

"ಇದು ನಮ್ಮಮ್ಮ, ಅವರಮ್ಮ, ನಾನು. ದಿನಾ ಮುತ್ತಿಟ್ಟು ಸವೆಸಿದ್ದು."

ಮರುದಿನ ಬಂದಾಕೆ ಭೂತಗನ್ನಡಿ ಹಿಡಿದು ನೋಡಿ, ಹಣೆಯ ಕೆಂಪು ಈಚಿನದು, ತೆಗೆಯಬಹುದು ಎಂದಳು. ಡೆಕ್ಲನ್ ಹುಬ್ಬು ಗಂಟಿಕ್ಕಿ, ಇದು ಯಾರ ಕೆಲಸ ಎಂದು ಕೇಳಿದ. ಚಹಾದ ತಟ್ಟೆ ಹಿಡಿದು ನಿಂತಿದ್ದ ಜಯಶೀಲಾ ಅದನ್ನು ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಮ್ಮ ಮನೆ ಹೆಂಗಸರದು," ಎಂದರು ನೋರಾ ಅಮ್ಮ. "ಹಾಗೇ ಇರಲಿ."