ಅವ್ವನ ಠೇವಣಿ

ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಸಾಕು, ನಮ್ಮ ಮನೆ ಮುಂದೆ ದನದ ಡಾಕ್ಟರರ ಮೋಟಾರ್ ಸೈಕಲ್ಲು ಬಂದು ನಿಲ್ಲುತ್ತಿತ್ತು. ಅವ್ವನಿಗೆ ಜ್ವರ ಬಂದರೆ ಅರಿಸಿನ ಹಾಕಿದ ಹಾಲು, ಕೆಮ್ಮು ಬಂದರೆ ಅದೇ ಹಾಲು, ಕಾಲಿಗೆ ಕುಡುಗೋಲು ತಾಗಿದರೆ ಅದೇ ಅರಿಸಿನ. ಚಿಕ್ಕವಳಿದ್ದಾಗ ನಾನು ಇದನ್ನೇ ಹಿಡಿದು ಅವಳನ್ನು ಕಾಡುತ್ತಿದ್ದೆ. ನೀನೂ ಎಮ್ಮೆಯಾಗಿ ಹುಟ್ಟಿದ್ದರೆ ನಿನಗೂ ಡಾಕ್ಟರು ಬರುತ್ತಿದ್ದರು ಎಂದರೆ ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಈಗ ಆ ಮಾತು ನೆನಪಾದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ನಮ್ಮೂರು ಚಿಕ್ಕೋಡಿ ಹತ್ತಿರದ ಸದಲಗಾ. ಅಪ್ಪ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ನಾನು ಆರು ವರ್ಷದವಳಿದ್ದಾಗ ಅದೇ ಟ್ರ್ಯಾಕ್ಟರ್ ಮಗುಚಿ ಸತ್ತ. ಮನೆತನದ ಅರ್ಧ ಎಕರೆ ಹೊಲ ದೊಡ್ಡಪ್ಪನ ಪಾಲಿಗೆ ಹೋಯಿತು, ಒಂದು ಎಮ್ಮೆ ಅವ್ವನ ಪಾಲಿಗೆ ಬಂತು. ಹಂಚಿದವರು ಇದು ಸರಿಸಮ ಪಾಲು ಎಂದರಂತೆ. ಅವ್ವ ಜಗಳ ಮಾಡಲಿಲ್ಲ, ಎಮ್ಮೆಯ ಹಗ್ಗ ಹಿಡಿದುಕೊಂಡು ಬಂದಳು.

ಬೆಳಗಿನ ಜಾವ ಎದ್ದು ಸಗಣಿ ಬಳಿದು, ಹಾಲು ಹಿಂಡಿ, ಕ್ಯಾನು ಹಿಡಿದು ಡೇರಿಗೆ ಹೋಗುತ್ತಿದ್ದಳು. ಬಂದು ನನಗೆರಡು ರೊಟ್ಟಿ ತಟ್ಟಿಕೊಟ್ಟು, ಎಲ್ಲಿ ಕಬ್ಬು ಕಡಿಯುತ್ತಿದ್ದಾರೆಂದು ವಿಚಾರಿಸಿಕೊಂಡು ಆ ಹೊಲಕ್ಕೆ ನಡೆಯುತ್ತಿದ್ದಳು. ಕಬ್ಬಿನ ತುದಿಯ ಹಸಿರು ಸೋಗೆಗೆ ನಮ್ಮಲ್ಲಿ ವಾಡೆ ಅನ್ನುತ್ತಾರೆ, ಎಮ್ಮೆಗೆ ಅದೇ ಹಬ್ಬದೂಟ. ದೊಡ್ಡ ಹೊರೆ ಹೊತ್ತು ದೂಧಗಂಗಾ ಹೊಳೆಯ ದಂಡೆಯಿಂದ ಮನೆ ಮುಟ್ಟುವಷ್ಟರಲ್ಲಿ ಅವಳ ಕೈ ಮೊಣಕೈವರೆಗೂ ಸೋಗೆ ಗೀರಿ ಕೆಂಪಾಗಿರುತ್ತಿತ್ತು. ಬೆವರು ತಾಗಿ ಉರಿಯುತ್ತಿತ್ತು. ಸಂಜೆ ಮತ್ತೆ ಹಾಲು, ಮತ್ತೆ ಡೇರಿ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಡೇರಿಯಲ್ಲಿ ಸಾಲು ಉದ್ದವಿದ್ದ ದಿನ ಅವ್ವ ಮರಳುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಅಂಥ ದಿನ ತನ್ನ ಪಾಲಿನ ರೊಟ್ಟಿ ಮುಚ್ಚಿಟ್ಟು ಹಾಗೇ ಮಲಗುತ್ತಿದ್ದಳು. ಹಸಿವಾಗುವುದಿಲ್ಲವೇ ಎಂದು ಕೇಳಿದರೆ, ರೂಢಿ ಆಗಿದೆ ಎನ್ನುತ್ತಿದ್ದಳು. ಅವಳಿಗೆ ಏನೇನೋ ರೂಢಿಯಾಗಿತ್ತು.

ಡೇರಿಯವರು ಹತ್ತು ದಿನಕ್ಕೊಮ್ಮೆ ಬಿಲ್ಲು ಕೊಡುತ್ತಿದ್ದರು. ಹಣ ಕೈಗೆ ಬಂದ ದಿನ ಅವ್ವ ಮನೆಗೆ ಬರುವ ಮೊದಲೇ ಎಮ್ಮೆಗೆ ಹಾಕುವ ಹಿಂಡಿಯ ಅಂಗಡಿಗೆ ಹೋಗುತ್ತಿದ್ದಳು. ಐದನೆಯ ತರಗತಿಯಲ್ಲಿ ನನಗೊಂದು ಕಂಪಾಸ್ ಪೆಟ್ಟಿಗೆ ಬೇಕಿತ್ತು. ಬಿಲ್ಲಿನ ದಿನ ಅವಳ ಬೆನ್ನು ಹತ್ತಿ ಹೋಗಿ, ಅವಳು ಹಿಂಡಿಗೆ ಹಣ ಎಣಿಸುವುದನ್ನು ನೋಡಿ, ಅಂಗಡಿಯ ಮುಂದೆ ನೆಲಕ್ಕೆ ಕೂತು ರಂಪ ಮಾಡಿದೆ. ಅವ್ವ ಬೈಯಲಿಲ್ಲ. ಹಿಂಡಿ ಚೀಲದ ಒಂದು ತುದಿ ನನ್ನ ಕೈಗೆ ಕೊಟ್ಟು ಹಿಡಿ ಎಂದಳು. ಇಬ್ಬರೂ ಅದನ್ನು ಜೋತಾಡಿಸಿಕೊಂಡು ಮನೆಯವರೆಗೆ ತಂದೆವು.

"ಇದ ಎಮ್ಮಿ ದುಡದದ್ದು. ಮದಲ ಅದರ ಪಾಲು ಅದಕ್ಕ ಕೊಡಬೇಕು. ಉಳದ್ರ ನಮ್ದು."

ಮುಂದಿನ ಬಿಲ್ಲಿಗೂ ಉಳಿಯಲಿಲ್ಲ. ಅದರಾಚೆಯದಕ್ಕೆ ಉಳಿಯಿತು. ಆ ಪೆಟ್ಟಿಗೆಯನ್ನು ನಾನು ಹತ್ತನೆಯ ತರಗತಿಯವರೆಗೂ ಜೋಪಾನ ಮಾಡಿದೆ.

ದೀಪಾವಳಿಗೆ ಡೇರಿಯವರು ಫರಕ ಹಂಚುತ್ತಾರೆ. ವರ್ಷವಿಡೀ ಹಾಕಿದ ಹಾಲಿನ ಮೇಲೆ ಲಾಭದಲ್ಲಿ ಬರುವ ಹೆಚ್ಚಿನ ಹಣ ಅದು. ಓಣಿಯವರೆಲ್ಲ ಆ ಹಣ ಹಿಡಿದು ಇಚಲಕರಂಜಿಗೆ ಬಟ್ಟೆ ತರಲು ಹೋಗುತ್ತಿದ್ದರು. ಅವ್ವ ನನ್ನ ಕೈ ಹಿಡಿದು ಊರಿನ ಪತ್ತಿನ ಸಂಘಕ್ಕೆ ಹೋಗುತ್ತಿದ್ದಳು. ಠೇವಣಿ ಇಟ್ಟು, ರಸೀದಿಯನ್ನು ನನ್ನ ಕೈಗೆ ಕೊಟ್ಟು, ಅಲ್ಲೇ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಹೆಸರು, ಮೊತ್ತ, ಬಡ್ಡಿ, ಮುಗಿಯುವ ತಾರೀಖು. ಒಮ್ಮೆ ಓದಿದರೆ ಸಾಲದು, ಎರಡು ಸಲ ಓದಬೇಕು. ಕೌಂಟರಿನ ಗುಮಾಸ್ತ ನಗುತ್ತಿದ್ದ, ನನಗೆ ನಾಚಿಕೆಯಾಗುತ್ತಿತ್ತು. ಆದರೆ ನಾನು ಓದುವಾಗ ಅವ್ವ ನನ್ನ ಬಾಯನ್ನೇ ನೋಡುತ್ತಿದ್ದಳಲ್ಲ, ಆ ನೋಟಕ್ಕಾಗಿಯೇ ನಾನು ಮುಂದೆ ಬಿ.ಕಾಂ.ವರೆಗೂ ಓದಿದೆ. ಈಗ ಚಿಕ್ಕೋಡಿಯಲ್ಲಿ ಅಂಥದೇ ಒಂದು ಪತ್ತಿನ ಸಂಘದ ಠೇವಣಿ ಕೌಂಟರಿನ ಹಿಂದೆ ಕೂರುತ್ತೇನೆ. ನನ್ನನ್ನು ಅಲ್ಲಿ ಕೂರಿಸಿದವಳು ಅವ್ವ.

ಅವ್ವನ ಲೆಕ್ಕದಲ್ಲಿ ಹಣದ ಮಹಾಪಾಪ ಒಂದೇ, ಅವಧಿಗೆ ಮುಂಚೆ ಠೇವಣಿ ಮುರಿಯುವುದು. ಗಬ್ಬದ ಎಮ್ಮೆಗೆ ದಿನ ತುಂಬುವ ಮೊದಲೇ ಅವಸರ ಮಾಡಿದರೆ ಕರುವೂ ಇಲ್ಲ, ಹಾಲೂ ಇಲ್ಲ ಎನ್ನುತ್ತಿದ್ದಳು. ನನ್ನ ಕಾಲೇಜಿನ ಫೀ ಕಟ್ಟುವ ಹೊತ್ತಿಗೆ ಠೇವಣಿ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಅವಳು ಮುರಿಯಲಿಲ್ಲ. ಬೆಳಗಿನ ಹಾಲಿಗೂ ಸಂಜೆಯ ಹಾಲಿಗೂ ನಡುವೆ ಮಂದಿಯ ಸೋಯಾಬೀನ್ ಹೊಲಗಳಲ್ಲಿ ಕಳೆ ತೆಗೆಯುವ ಕೂಲಿಗೆ ಹೋಗಿ, ಕಡೆಯ ದಿನ ಫೀ ತಂದು ಕೊಟ್ಟಳು. ಆ ನೋಟುಗಳನ್ನು ಹಿಡಿದುಕೊಂಡು ಹೋಗುವಾಗ ನನಗೆ ಎಂಥ ಹೆಮ್ಮೆ. ನನ್ನ ಅವ್ವ ಯಾರಿಗೂ ಕೈ ಚಾಚಲಿಲ್ಲ, ಠೇವಣಿಯನ್ನೂ ಮುಟ್ಟಲಿಲ್ಲ. ಅವಳ ಹಾಗೆಯೇ ಬದುಕಬೇಕು ಎಂದು ಆವತ್ತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ, ಹಾಗೆಯೇ ಬದುಕಿದೆ ಕೂಡ. ಕೌಂಟರಿಗೆ ಯಾರಾದರೂ ಠೇವಣಿ ಮುರಿಯಲು ಬಂದರೆ ಅವರನ್ನು ಕೂರಿಸಿ, ಎಷ್ಟು ಬಡ್ಡಿ ಹೋಗುತ್ತದೆ ಎಂದು ಬಿಡಿಸಿ ಹೇಳಿ, ಮನೆಗೆ ಕಳಿಸುತ್ತಿದ್ದೆ. ಮ್ಯಾನೇಜರು ಇದನ್ನು ಎಲ್ಲರೆದುರು ಹೊಗಳುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಮದುವೆಯಾಗಿ ಎರಡು ವರ್ಷಕ್ಕೆ ನಾನು ತವರಿಗೆ ಮರಳಿದೆ. ಆ ಕಥೆ ಇಲ್ಲಿ ಬೇಡ. ಅವ್ವ ಅಳಲಿಲ್ಲ, ಏನೂ ಕೇಳಲಿಲ್ಲ, ಆ ಹೊತ್ತಿಗೆ ಇದ್ದ ಎರಡರ ಜೊತೆಗೆ ಮೂರನೆಯ ಎಮ್ಮೆ ತಂದಳು. ನನಗೆ ಸ್ವಂತದ್ದೊಂದು ಜಾಗ ಆಗಬೇಕು, ನಾಳೆ ಯಾರೂ ನನ್ನನ್ನು ಏಳು ಅನ್ನಬಾರದು ಎಂದು ಹಟ ಹಿಡಿದಳು. ಅಷ್ಟು ವರ್ಷದ ಉಳಿತಾಯವನ್ನೆಲ್ಲ ಒಟ್ಟು ಮಾಡಿ ನನ್ನ ಕೌಂಟರಿನಲ್ಲೇ, ಇಬ್ಬರ ಹೆಸರಿನಲ್ಲಿ, ಯಾರೊಬ್ಬರ ಸಹಿಯಿದ್ದರೂ ಸಾಕು ಎಂದು ಬರೆಸಿ, ಮೂರು ವರ್ಷದ ಒಂದು ಠೇವಣಿ ಇಟ್ಟಳು. ಅದು ಮುಗಿಯಬೇಕಿದ್ದದ್ದು ಹೋದ ವರ್ಷ ದೀಪಾವಳಿಯ ಹೊತ್ತಿಗೆ.

ಆ ವರ್ಷ ಗಣಪತಿ ಹಬ್ಬ ಕಳೆದು ಕೆಲವು ದಿನವಾಗಿತ್ತು. ಒಂದು ಬೆಳಿಗ್ಗೆ ಹಾಲು ಹಿಂಡುವ ಸದ್ದು ಬೇರೆಯಾಗಿದೆ ಅನ್ನಿಸಿತು. ಎರಡೂ ಕೈಯಿಂದ ಹಿಂಡುವಾಗ ಒಂದು ಧಾರೆಯ ಬೆನ್ನಿಗೇ ಇನ್ನೊಂದು ಬೀಳುತ್ತದೆ, ನಡುವೆ ಬಿಡುವಿರುವುದಿಲ್ಲ. ಆ ದಿನ ಬಿಡುವಿತ್ತು. ಎದ್ದು ಹೋಗಿ ನೋಡಿದರೆ ಅವ್ವ ಬಲಗೈ ಒಂದರಲ್ಲೇ ಹಿಂಡುತ್ತಿದ್ದಳು, ಎಡಗೈ ಮಡಿಲಲ್ಲಿತ್ತು. ಬೇಸತ್ತ ಎಮ್ಮೆ ಕಾಲು ಝಾಡಿಸುತ್ತಿತ್ತು. ಕೈ ಹಿಡಿದುಕೊಂಡಿದೆ, ಅಷ್ಟೇ ಎಂದಳು. ನಾನು ಮುಲಾಮು ತಂದುಕೊಟ್ಟು ಬಸ್ಸು ಹಿಡಿದು ಕೆಲಸಕ್ಕೆ ಹೋದೆ.

ಅದಾಗಿ ಒಂದು ವಾರಕ್ಕೆ, ಸ್ನಾನದಲ್ಲಿ ಬೆನ್ನುಜ್ಜಲು ಕರೆದಾಗ, ಅವಳ ಎಡ ಕಂಕುಳಲ್ಲಿ ಗಂಟು ಕಂಡಿತು. ಮುಟ್ಟಿ ನೋಡಿದೆ. ಬಾರೆಹಣ್ಣಿನಷ್ಟಿತ್ತು, ಕಲ್ಲಿನಂತೆ ಗಟ್ಟಿ. ಎದೆಯಲ್ಲಿ ಇನ್ನೊಂದಿತ್ತು. ಎಷ್ಟು ದಿನದಿಂದ ಎಂದು ಕೇಳಿದರೆ ಅವಳು ನೀರು ಹೊಯ್ದುಕೊಳ್ಳುತ್ತಲೇ ಇದ್ದಳು. ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಮಿರಜದ ಆಸ್ಪತ್ರೆಗಳು. ನಾಳೆಯೇ ಮಿರಜಕ್ಕೆ ಹೋಗೋಣ ಎಂದೆ. ಠೇವಣಿ ಮುಗಿಯಲು ಎಷ್ಟು ದಿನವಿದೆ ಎಂದು ಅವ್ವ ತಿರುಗಿ ಕೇಳಿದಳು. ಅವಳಿಗೆ ಗೊತ್ತಿತ್ತು, ನನ್ನ ಬಾಯಿಂದ ಕೇಳಬೇಕಿತ್ತು. ನಲವತ್ತು ದಿನ ಎಂದೆ.

"ಈಗ ತೋರಸಿದ್ರ ಆಪ್ರೇಶನ್ ಅಂತಾರ. ಆಪ್ರೇಶನ್ ಅಂದ್ರ ಠೇವಣಿ ಮುರೀಬೇಕು. ಅದರ ದಿನ ತುಂಬಲಿ, ಆಮ್ಯಾಲ ತೋರಸೂಣು. ನಲವತ್ತ ದಿನದಾಗ ನಾ ಏನ್ ಸಾಯೂದಿಲ್ಲ."

ಇಲ್ಲಿ ನಾನು ಅವಳ ಮೇಲೆ ಹೊರಿಸಿ ತಪ್ಪಿಸಿಕೊಳ್ಳಬಹುದು. ಓದು ಬಾರದ ಹೆಂಗಸು, ಹಟಮಾರಿ, ನನ್ನ ಮಾತು ಕೇಳಲಿಲ್ಲ ಎಂದು ಬರೆಯಬಹುದು. ಓಣಿಯವರಿಗೆ ಹಾಗೆಯೇ ಹೇಳಿದ್ದೇನೆ. ನಿಜ ಬೇರೆ. ಮಾರನೆಯ ದಿನ ಕೌಂಟರಿನಲ್ಲಿ ಕೂತು, ಊಟದ ಬಿಡುವಿನಲ್ಲಿ, ನಾನು ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿದೆ. ಈಗ ಮುರಿದರೆ ಬಡ್ಡಿ ದರ ಇಳಿಯುತ್ತದೆ, ಮೇಲೆ ದಂಡ ಬೇರೆ. ಒಂದು ಎಮ್ಮೆಯ ಬೆಲೆಯ ಕಾಲು ಪಾಲು ಹೋಗುತ್ತಿತ್ತು. ಅದನ್ನು ನೋಡಿ, ಅವ್ವ ಹೇಳಿದ್ದರಲ್ಲೂ ಹುರುಳಿದೆ ಅಂದುಕೊಂಡೆ. ಮೊದಲ ತಪಾಸಣೆಗೆ ಬೇಕಾದಷ್ಟು ಹಣ ಆ ಹೊತ್ತಿಗೆ ನನ್ನ ಪರ್ಸಿನಲ್ಲೇ ಇತ್ತು. ತೋರಿಸುವುದಕ್ಕೂ ಠೇವಣಿ ಮುರಿಯುವುದಕ್ಕೂ ನಡುವೆ ಹತ್ತು ದಾರಿಗಳಿದ್ದವು. ಸಂಬಳದ ಮೇಲೆ ಮುಂಗಡ ಕೇಳಬಹುದಿತ್ತು, ಎಮ್ಮೆ ಮಾರಬಹುದಿತ್ತು. ಯಾವುದೂ ನನ್ನ ತಲೆಗೆ ಬರಲಿಲ್ಲ. ಬರಗೊಡಲಿಲ್ಲ ಎಂದರೆ ಸರಿಯಾದೀತು, ಯಾಕೆಂದರೆ ಅವಳಷ್ಟೇ ನನಗೂ ಹೆದರಿಕೆಯಿತ್ತು. ಠೇವಣಿಯ ನೆಪ ನನಗೂ ಬೇಕಾಗಿತ್ತು.

ಇಬ್ಬರೂ ದಿನ ಎಣಿಸತೊಡಗಿದೆವು. ಬೆಳಿಗ್ಗೆ ಕ್ಯಾನು ಎತ್ತುವ ಮುಂಚೆ ಇನ್ನು ಮೂವತ್ತು, ಇನ್ನು ಇಪ್ಪತ್ತೈದು ಎಂದು ಅವಳು ಹೇಳುತ್ತಿದ್ದಳು. ಎಮ್ಮೆಗಳ ಹಾಲು ಕಡಿಮೆಯಾಗುತ್ತ ಬಂತು. ಒಂದೇ ಕೈಯಲ್ಲಿ ಹಿಂಡಿದರೆ ಅವು ಪೂರ್ತಿ ಬಿಡುವುದಿಲ್ಲ. ಅವ್ವನ ಎಡಗೈ ಬಾತು ಬಳೆ ಬಿಗಿಯಾಯಿತು. ಸೋಪು ಹಚ್ಚಿ ಬಳೆ ತೆಗೆದೆ. ಆಗಲೂ ನಾನು ಅವಳನ್ನು ಮಿರಜದ ಬಸ್ಸು ಹತ್ತಿಸಲಿಲ್ಲ.

ಹನ್ನೆರಡು ದಿನ ಉಳಿದಿತ್ತು. ಬೆಳಿಗ್ಗೆ ಅವ್ವ ಚರಿಗೆ ತಂದು ನನ್ನ ಮುಂದಿಟ್ಟಳು. "ಇವತ್ತ ನೀನ ಹಿಂಡ," ಎಂದಳು. ಹುಟ್ಟಿದಾಗಿನಿಂದ ಆ ಮಾತು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ. ನನ್ನ ಕೈಗೆ ಪುಸ್ತಕ ಕೊಟ್ಟವಳು ಅವಳು, ಚರಿಗೆ ಕೊಟ್ಟವಳಲ್ಲ. ಕೂತು ಹೇಗೋ ಹಿಂಡತೊಡಗಿದೆ. ಎಮ್ಮೆ ಒದೆಯಿತು, ಚರಿಗೆ ಉರುಳಿ ಹಾಲೆಲ್ಲ ಸಗಣಿಯಲ್ಲಿ ಹರಿಯಿತು. ಒಂದು ಸೌಟು ಹಾಲು ಚೆಲ್ಲಿದರೆ ಇಡೀ ದಿನ ಗೊಣಗುತ್ತಿದ್ದ ಅವ್ವ ಗೋಡೆಗೆ ಒರಗಿ ಸುಮ್ಮನೆ ನೋಡುತ್ತಿದ್ದಳು. ಅವತ್ತೇ ಮಿರಜಕ್ಕೆ ಹೋದೆವು.

ಡಾಕ್ಟರು ವಯಸ್ಸಾದ ಹೆಂಗಸು, ಮರಾಠಿಯಲ್ಲಿ ಮಾತಾಡುತ್ತಿದ್ದರು. ಗಂಟು ಯಾವಾಗ ಕಂಡಿತು ಎಂದು ಕೇಳಿದರು. ಹದಿನೈದು ದಿನ ಎಂದಳು ಅವ್ವ. ನಾನು ತಿದ್ದಲಿಲ್ಲ. ತಪಾಸಣೆಗಳೆಲ್ಲ ಮುಗಿದ ಮೇಲೆ, ಅದು ಎಲುಬಿಗೂ ಇಳಿದಿದೆ, ತಕ್ಷಣ ಔಷಧಿ ಶುರು ಮಾಡಬೇಕು ಎಂದರು. ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋಗಿ ನಿಜ ಹೇಳಿದೆ. ಗಂಟು ನಾನು ನೋಡಿದ ದಿನವೇ ಕರೆತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. ಹಾಗೆ ಹೇಳಲು ಬರುವುದಿಲ್ಲ, ಆ ಒಂದು ತಿಂಗಳ ತಡದಿಂದ ವ್ಯತ್ಯಾಸ ಆಗಿರಬಹುದು, ಆಗದೆಯೂ ಇರಬಹುದು ಎಂದರು. ಅವರು ನನ್ನನ್ನು ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ಒಂದು ದಿನ ಮುಗಿಯುತ್ತದೆ, ಈ ಉತ್ತರ ಮುಗಿಯುವುದೇ ಇಲ್ಲ.

ಮಾರನೆಯ ದಿನ ಚಿಕ್ಕೋಡಿಗೆ ಬಂದು ಠೇವಣಿ ಮುರಿಯುವ ಅರ್ಜಿಯನ್ನು ನಾನೇ ತೆಗೆದು ನಾನೇ ತುಂಬಿದೆ. ಅವಧಿಗೆ ಹತ್ತು ದಿನ ಮುಂಚೆ. ಪಕ್ಕದ ಕೌಂಟರಿನ ಗೆಳತಿ ಇಣುಕಿ ನೋಡಿ ನಕ್ಕಳು. ಊರಿಗೆಲ್ಲ ಮುರಿಯಬೇಡಿ ಎಂದು ಪಾಠ ಹೇಳುವವಳು ತನ್ನದನ್ನೇ ಮುರಿಯುತ್ತಿದ್ದಾಳೆ ಎಂದು ಚೇಷ್ಟೆ ಮಾಡಿದಳು. ಆಮೇಲೆ ಕಾರಣದ ಕಾಲಮ್ಮಿನಲ್ಲಿ ನಾನು ಬರೆದದ್ದನ್ನು ಓದಿ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. ಬಡ್ಡಿಯೂ ಹೋಯಿತು, ದಂಡವೂ ಬಿತ್ತು. ಯಾವುದನ್ನು ಉಳಿಸಲು ಕಾದಿದ್ದೆವೋ ಅದೂ ಉಳಿಯಲಿಲ್ಲ. ಅವ್ವನಿಗೆ ಮಾತ್ರ, ಸದ್ಯಕ್ಕೆ ನನ್ನ ಸಂಬಳದ ಮೇಲೆ ಮುಂಗಡ ತಂದಿದ್ದೇನೆ ಎಂದೆ.

ಎರಡು ಎಮ್ಮೆ ಮಾರಿದೆ. ಔಷಧಿ ಮೂರು ತಿಂಗಳು ನಡೆಯಿತು. ರಾತ್ರಿ ಊಟದ ಮೇಲೆ ನುಂಗಬೇಕಾದ ಗುಳಿಗೆಯನ್ನು ಅವಳು ಹೊತ್ತು ಮುಳುಗುವ ಮುಂಚೆಯೇ ನುಂಗುತ್ತಿದ್ದಳು, ಅದರಲ್ಲಿ ಮಾತ್ರ ನಾನು ಗೆಲ್ಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಎದ್ದು ಕೂರಲು ಆಗದಂತಾದಳು. ಒಂದು ಮಧ್ಯಾಹ್ನ ಹೊರಸನ್ನು ಅಂಗಳದ ಬಿಸಿಲಿಗೆ ಎಳೆದು, ಪಕ್ಕದಲ್ಲಿ ಕೂತು ಅವಳ ತಲೆ ನೇವರಿಸುತ್ತಿದ್ದೆ. ಕೂದಲು ಉಳಿದಿರಲಿಲ್ಲ. ಅವ್ವ ಕಣ್ಣು ತೆರೆದು ನನ್ನನ್ನು ಹತ್ತಿರ ಕರೆದಳು.

"ಠೇವಣಿ ಮುಗೀತಲ್ಲ. ಬಡ್ಡಿ ಪೂರಾ ಬಂತೇನ?"

ಹಣದ ವಿಷಯದಲ್ಲಿ ನಾನು ಅವಳಿಗೆ ಅಲ್ಲಿಯವರೆಗೆ ಸುಳ್ಳು ಹೇಳಿರಲಿಲ್ಲ. ಮುಂಗಡದ ಮಾತೊಂದು ಬಿಟ್ಟರೆ.

"ಪೂರಾ ಬಂತವ್ವಾ," ಎಂದೆ.

ಅವಳ ಮುಖ ಎಷ್ಟೋ ದಿನದ ಮೇಲೆ ಅರಳಿತು. ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ನೋಡ, ತಡದ್ವಿ ಅಂತ ಬಂತು. ಮಂದಿ ಆಗಿದ್ರ ಹೆದರಿ ಮುರೀತಿದ್ರು. ನಿನ್ನಂಥಾ ಮಗಳ ನನಗ ಸಿಕ್ಕಾಳ."

ನಾನು ಹೂಂ ಎಂದೆ. ಅದಾಗಿ ಹತ್ತು ದಿನಕ್ಕೆ ಅವ್ವ ಹೋದಳು. ಯಾವುದಕ್ಕೆ ನನ್ನನ್ನು ಬೈಯಬೇಕಿತ್ತೋ ಅದಕ್ಕೇ ಮೆಚ್ಚಿ ಹೋದಳು.